ಕೆರೆಯುವ ಮೊದಲು ತೊಳೆಯಿರಿ

ಹಳೆಯ ಕಾರೊಂದು ಮನೆಗೆ ಬಂತೆಂದರೆ ನಮ್ಮಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಪೇಂಟ್ ಯಾವಾಗ ಮಾಡಿಸ್ತೀರಿ?’ ಎಂಬುದು. ಎಂಜಿನ್ ಹೇಗಿದೆ, ಬ್ರೇಕ್ ಹಿಡಿಯುತ್ತದೆಯೇ ಎಂಬ ವಿಚಾರಣೆ ಆಮೇಲೆ. ಗ್ಯಾರೇಜಿನ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಎಲ್ಲ ಕೆರೆದು, ಪುಟ್ಟಿ ಹಾಕಿ, ಹೊಸದಾಗಿ ಹೊಡೆದುಬಿಡೋಣ. ಒಂದೆರಡು ತಿಂಗಳಲ್ಲಿ ಕಾರು ಥಳಥಳಿಸುತ್ತ ಮನೆಗೆ ಬರುತ್ತದೆ, ಮನೆಮಂದಿ ಫೋಟೊ ತೆಗೆಸಿಕೊಳ್ಳುತ್ತಾರೆ. ಕೆರೆದು ಕೆಳಗೆ ಬಿದ್ದ ಪುಡಿಯಲ್ಲಿ ಏನು ಹೋಯಿತು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಆ ಕಾಲದ ಕೆಂಪು, ಆ ಕಾಲದ ಹಸಿರು, ಹಳೆಯ ಮಾಲೀಕರು ತಮ್ಮ ಕೈಯಾರೆ ಮಾಡಿದ ಟಚಪ್, ಬಾಗಿಲ ಹಿಡಿಯ ಸುತ್ತ ಉಗುರು ತಾಗಿ ಸವೆದ ಜಾಗ, ಎಲ್ಲವೂ ಒಂದೇ ದಿನದಲ್ಲಿ ಗುಡಿಸಿ ಹೋಗಿರುತ್ತದೆ. ಹೀಗೆ ಕೆರೆಸಿಕೊಂಡ ಎಷ್ಟೋ ಕಾರುಗಳಿಗೆ ಬೇಕಿದ್ದದ್ದು ಹೊಸ ಬಣ್ಣವಲ್ಲ, ಸರಿಯಾದ ಸ್ನಾನ ಮತ್ತು ಎರಡು ಮೂರು ದಿನದ ತಾಳ್ಮೆಯ ಕೈಕೆಲಸ.

ಇದನ್ನು ಒಂದು ಕೆಂಪು ಹೆರಾಲ್ಡ್ ಕಾರನ್ನು ಮುಂದಿಟ್ಟುಕೊಂಡು ಹೇಳುತ್ತಿದ್ದೇನೆ. ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನ ಕವೆಂಟ್ರಿಯಿಂದ 1959ರಲ್ಲಿ ಹೊರಬಂತು. ಅದಕ್ಕೆ ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಅದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ಬೆಂಗಳೂರು, ಮೈಸೂರುಗಳ ಡಾಕ್ಟರು, ವಕೀಲರ ಮನೆ ಮುಂದೆ ಅದು ನಿಂತಿರುತ್ತಿದ್ದ ಕಾಲವೊಂದಿತ್ತು. ಈ ಕಾರಿನ ವಿಶೇಷವೆಂದರೆ ಪ್ರತ್ಯೇಕ ಚಾಸಿಯ ಮೇಲೆ ಮೈಯ ಭಾಗಗಳನ್ನು ಬೋಲ್ಟ್ ಹಾಕಿ ಕೂರಿಸಿರುವುದು. ಬಾನೆಟ್ ಮತ್ತು ಮುಂದಿನ ಎರಡು ಮಡ್‌ಗಾರ್ಡ್ ಸೇರಿ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೇಲ್ಛಾವಣಿಯೂ ಬೋಲ್ಟಿನದೇ. ಕವೆಂಟ್ರಿಯವರು 1960ರಲ್ಲಿ ತೆರೆದ ಮಾದರಿಯನ್ನೇ ತಂದರು. ನಮ್ಮ ಕಡೆ ಎಷ್ಟೋ ಜನ ಮಾಮೂಲಿ ಹೆರಾಲ್ಡಿನ ಛಾವಣಿ ಬಿಚ್ಚಿಟ್ಟು ರೆಕ್ಸಿನ್ ಹುಡ್ ಹೊಲಿಸಿ ತೆರೆದ ಕಾರು ಮಾಡಿಕೊಂಡರು. ನನ್ನ ಸೋದರಮಾವನ ಹೆರಾಲ್ಡ್ ಹಾಗೆ ತೆರೆದುಕೊಂಡದ್ದು. ಪೇಂಟ್ ಮೇಸ್ತ್ರಿ ಅದರ ಸುತ್ತ ಒಂದು ಸುತ್ತು ಹಾಕಿ, “ಸಾರ್, ಕೆಂಪು ಹೋಗಿ ಗುಲಾಬಿ ಆಗೈತೆ, ಕೆರೆದುಬಿಡೋದೇ ವಾಸಿ” ಎಂದಾಗ ಮಾವ, “ಬೇಡಪ್ಪ, ಒಳಗೆ ಕೆಂಪು ಇನ್ನೂ ಇದೆ, ಅದನ್ನ ಹೊರಗೆ ತರೋಣ” ಎಂದರು. ಮಾವನ ಮಾತೇ ಸರಿ ಎಂದು ಆಗಲೂ ಅನ್ನಿಸಿತ್ತು, ಈಗಂತೂ ಅದರಲ್ಲಿ ಸಂಶಯವೇ ಇಲ್ಲ.

ಕೆಂಪು ಗುಲಾಬಿಯಾಗುವುದು ಹೇಗೆ? ಬಣ್ಣದಲ್ಲಿ ಎರಡು ಮುಖ್ಯ ಅಂಶಗಳಿರುತ್ತವೆ, ಬಣ್ಣ ಕೊಡುವ ಪುಡಿ ಮತ್ತು ಅದನ್ನು ಹಿಡಿದಿಡುವ ಅಂಟು. ಬಿಸಿಲಿನ ಅತಿನೇರಳೆ ಕಿರಣ ಮೊದಲು ತಿನ್ನುವುದು ಮೇಲ್ಪದರದ ಅಂಟನ್ನು. ಅಂಟು ಸತ್ತಾಗ ಪುಡಿ ಸಡಿಲವಾಗಿ ಉಳಿಯುತ್ತದೆ, ಮೈ ಒರಟಾಗುತ್ತದೆ, ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದುರಿ ಬಿಳಚು ಮುಸುಕಿದಂತೆ ಕಾಣುತ್ತದೆ. ಕೆಂಪಿನ ಕೆಲವು ಪುಡಿಗಳು ತಾವೇ ಬಿಸಿಲಿಗೆ ಬೇಗ ಸೋಲುವ ಜಾತಿಯವು, ಹಾಗಾಗಿ ಕೆಂಪು ಕಾರಿಗೆ ಪೆಟ್ಟು ಹೆಚ್ಚು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ತಂಪಾಗಿರಬಹುದು, ಅತಿನೇರಳೆ ಕಿರಣ ಕರಾವಳಿಗಿಂತ ತುಸು ಬಿರುಸೇ. ಆದರೆ ಈ ಸಾವು ಮೇಲಿನ ತೆಳ್ಳನೆಯ ಪದರದ್ದು ಮಾತ್ರ. ಅದರ ಕೆಳಗೆ ಬಿಸಿಲನ್ನೇ ಕಾಣದ ಬಣ್ಣ ಹಾಗೇ ಕುಳಿತಿರುತ್ತದೆ.

ಎಷ್ಟು ತೆಳು ಎಂದು ಸಂಖ್ಯೆಯಲ್ಲಿ ನೋಡಿದರೆ ಎಚ್ಚರಿಕೆ ತಾನಾಗಿ ಬರುತ್ತದೆ. ಇಂದಿನ ಕಾರ್ಖಾನೆಯ ಕಾರಿನ ಮೇಲೆ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಪದರ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ತಗಡಿಗೂ ಮಳೆಗೂ ನಡುವೆ ಇರುವುದು ಎರಡು ಕೂದಲಿನಷ್ಟು ಅಂತರ. ಪಾಲಿಶ್ ಎಂದರೆ ಏನನ್ನೋ ಬಳಿಯುವುದು ಎಂದು ತಿಳಿದವರೇ ಹೆಚ್ಚು. ಪಾಲಿಶ್ ಬಳಿಯುವುದಿಲ್ಲ, ತೆಗೆಯುತ್ತದೆ. ಪ್ರತಿ ಸಲವೂ ಒಂದಿಷ್ಟು ಬಣ್ಣ ಬಟ್ಟೆಗೆ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಆದ್ದರಿಂದ ತೊಳೆದೇ ಹೋಗಬಹುದಾದ ಕೊಳೆಯನ್ನು ಪಾಲಿಶ್‌ನಿಂದ ತೆಗೆಯಬಾರದು. ಮುಂದಿನ ಇಡೀ ಕ್ರಮ ಹುಟ್ಟುವುದು ಈ ಒಂದು ಮಾತಿನಿಂದ.

ಕೈ ಹಾಕುವ ಮೊದಲು ಕಾರಿನ ಮೇಲಿರುವುದು ಯಾವ ಬಣ್ಣ ಎಂದು ತಿಳಿಯಬೇಕು. 1920ರ ದಶಕದವರೆಗೆ ಕಾರಿಗೆ ವಾರ್ನಿಷ್ ಜಾತಿಯ ಬಣ್ಣವನ್ನು ಪದರ ಪದರವಾಗಿ ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. ಅಮೆರಿಕದ ಡ್ಯುಪಾಂಟ್ ಕಂಪನಿ ‘ಡ್ಯೂಕೊ’ ಎಂಬ ನೈಟ್ರೊಸೆಲ್ಯುಲೋಸ್ ಬಣ್ಣ ತಂದು, 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳು ಅದನ್ನು ಹಚ್ಚಿಕೊಂಡು ಬೀದಿಗಿಳಿದ ಮೇಲೆ ಒಣಗುವ ಕಾಯುವಿಕೆ ಮುಗಿಯಿತು. ಆ ಹೆಸರು ನಮ್ಮ ಪೇಂಟ್ ಅಂಗಡಿಗಳಲ್ಲಿ ಇಂದಿಗೂ ಜೀವಂತವಾಗಿದೆ, ಮರದ ಬೀರುವಿಗೂ ‘ಡ್ಯೂಕೊ ಹೊಡೆಸಿ’ ಎನ್ನುವವರಿದ್ದಾರೆ. ಮೇಲೊಂದು ಪಾರದರ್ಶಕ ಪದರ ಹಾಕುವ ಪದ್ಧತಿ ವ್ಯಾಪಕವಾದದ್ದು 1980ರ ದಶಕದಲ್ಲಿ. ಹೆರಾಲ್ಡ್ ಕಾಲದ ಕಾರಿನಲ್ಲಿ ಬಣ್ಣವೇ ಹೊರಮೈ. ಆದರೆ ನಮ್ಮಲ್ಲಿರುವ ಬಹುಪಾಲು ಹಳೆಯ ಕಾರುಗಳು ನಡುವೆ ಯಾವಾಗಲೋ ಒಮ್ಮೆ ಮತ್ತೆ ಬಣ್ಣ ಕಂಡಿರುತ್ತವೆ, ಕೆಲವು ಸೆಲ್ಯುಲೋಸ್, ಕೆಲವು ಎನಾಮೆಲ್, ಇತ್ತೀಚಿನವು ಪಿಯು, ಅಂದರೆ ಪಾಲಿಯುರಿಥೇನ್. ಡಿಕ್ಕಿಯ ಒಳಅಂಚಿನಂಥ ಕಾಣದ ಜಾಗದಲ್ಲಿ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ತಿಕ್ಕಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಮೇಲೆ ಪಾರದರ್ಶಕ ಪದರವಿಲ್ಲ. ಅಂಥದೇ ಇನ್ನೊಂದು ಮೂಲೆಗೆ ಥಿನ್ನರ್ ತಾಗಿಸಿದಾಗ ಬಣ್ಣ ಕರಗಿ ಬಟ್ಟೆಗೆ ಬಂದರೆ ಸೆಲ್ಯುಲೋಸ್. ಇನ್ನೊಂದು ಸಾಧನ ದಪ್ಪ ಅಳೆಯುವ ಮೀಟರ್. ಕಬ್ಬಿಣದ ತಗಡಿನ ಮೇಲೆ ಒತ್ತಿದರೆ ಸಾಕು, ಮೈಕ್ರಾನ್ ತೋರಿಸುತ್ತದೆ. 300 ದಾಟಿದರೆ ಅಲ್ಲಿ ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಿದ್ದಿದೆ, ಸಾವಿರ ಮುಟ್ಟಿದರೆ ಒಳಗೆ ಪುಟ್ಟಿಯಿದೆ. ಎಲ್ಲಿ 80, 90 ಎಂದು ತೋರಿಸುತ್ತದೋ ಅಲ್ಲಿ ಕೈ ಹಗುರವಾಗಬೇಕು. ಬಣ್ಣಕ್ಕೆ ಪಾಲಿಶ್ ಹಾಕಿಸಲು ದುಡ್ಡು ಕೊಡುವವರು ಮೊದಲು ಕೇಳಬೇಕಾದದ್ದು ಈ ಮೀಟರ್ ಇದೆಯೇ ಎಂಬುದನ್ನು.

ಇನ್ನು ಸ್ನಾನ. ತಿಂಗಳ ಸಂಬಳಕ್ಕೆ ಮುಂಜಾನೆ ಬಂದು ಬೀದಿಯ ಹತ್ತಾರು ಕಾರು ಒರೆಸಿ ಹೋಗುವವರಿಗೆ ನಾವು ಕೊಡುವುದು ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್. ಮೊದಲ ಕಾರಿನ ಮರಳು ಕೊನೆಯ ಕಾರಿನವರೆಗೂ ಅದೇ ಬಟ್ಟೆಯಲ್ಲಿ ಪ್ರಯಾಣ ಮಾಡುತ್ತದೆ. ತಪ್ಪು ಅವರದಲ್ಲ, ಆ ಬಕೆಟ್ ಕೊಟ್ಟ ನಮ್ಮದು. ಬಿಸಿಲಿನಲ್ಲಿ ಬಾನೆಟ್ ಮೇಲೆ ಸೂರ್ಯನ ಸುತ್ತ ಕಾಣುವ ಸುಳಿಗೆರೆಗಳ ಮೂಲ ಇದೇ. ಅವು ಸುತ್ತಲಾಗಿ ಉಜ್ಜಿದ್ದರಿಂದ ಬಂದವು ಎಂದು ಹೇಳುವುದುಂಟು. ನಿಜದಲ್ಲಿ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಮಿನುಗುವುದರಿಂದ ಕಣ್ಣಿಗೆ ವೃತ್ತದಂತೆ ತೋರುತ್ತವೆ. ದಿನಾ ತಿಕ್ಕಿದ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದರೂ ಇದೇ ಆಟ ಕಾಣುತ್ತದೆ.

ಆದ್ದರಿಂದ ಎರಡು ಬಕೆಟ್ ಬೇಕು. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಒಂದು ಭಾಗ ಉಜ್ಜಿದ ಮೇಲೆ ಬರೀ ನೀರಿನಲ್ಲಿ ಜಾಲಾಡಿಸಿ, ನಂತರವೇ ಶಾಂಪೂಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ, ಒತ್ತದೆ. ಚಕ್ರ ಮತ್ತು ಬಾಗಿಲ ಕೆಳಭಾಗಕ್ಕೆ ಬೇರೆಯದೇ ಬಟ್ಟೆ. ಪಾತ್ರೆ ತೊಳೆಯುವ ಸೋಪು ಹಾಕಿದರೆ ಹಳೆಯ ವ್ಯಾಕ್ಸ್ ಕಿತ್ತುಕೊಂಡು ಹೋಗುವುದಲ್ಲದೆ ರಬ್ಬರ್ ಬೀಡಿಂಗ್ ಒಣಗುತ್ತದೆ. ನೀರಿನ ಮಾತೂ ಇಲ್ಲೇ ಆಗಲಿ. 2024ರ ಮಾರ್ಚ್‌ನ ಬರಗಾಲದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತು. ಅದು ಸರಿಯಾದ ಕ್ರಮ. ಪೈಪ್ ಹಿಡಿದು ನೀರು ಹರಿಸುವುದು ಕಾರಿಗೂ ಬೇಕಿಲ್ಲ. ಜಾಲಾಡುವ ಅಗತ್ಯವಿಲ್ಲದ ದ್ರಾವಣಗಳು ಈಗ ಸಿಗುತ್ತವೆ, ಬರೀ ಧೂಳಿನ ಕಾರಿಗೆ ಅರ್ಧ ಬಕೆಟ್ ಸಾಕು. ಕೊಳವೆಬಾವಿಯ ಗಡಸು ನೀರು ಬಿಸಿ ತಗಡಿನ ಮೇಲೆ ಒಣಗಿದರೆ ಸುಣ್ಣದ ಬಿಳಿ ಚುಕ್ಕೆ ಬಿಟ್ಟು ಹೋಗುತ್ತದೆ, ಕೆಂಪು, ಕಪ್ಪು ಬಣ್ಣದ ಮೇಲೆ ಅದು ಕಣ್ಣಿಗೆ ಚುಚ್ಚುತ್ತದೆ. ಮನೆಯಲ್ಲಿ ಮಳೆನೀರಿನ ಸಂಪು ಇದ್ದರೆ ಕೊನೆಯ ಸಲ ಒರೆಸಲು ಅದಕ್ಕಿಂತ ಒಳ್ಳೆಯ ನೀರಿಲ್ಲ.

ತೆರೆದ ಕಾರಿಗೆ ಇಲ್ಲಿ ಒಂದು ಎಚ್ಚರಿಕೆ ಹೆಚ್ಚು. ರಭಸದ ನೀರಿನ ಪಂಪು ಹುಡ್ಡಿನ ಹೊಲಿಗೆಯ ಹತ್ತಿರ ಬರಕೂಡದು. ನೀರು ಹೊಲಿಗೆಯ ರಂಧ್ರದಿಂದ ಒಳಗಿಳಿದು ಸೀಟು, ಅಲ್ಲಿಂದ ಕಾರ್ಪೆಟ್, ಅದರ ಕೆಳಗಿನ ತಗಡು ಹೀಗೆ ದಾರಿ ಹುಡುಕಿಕೊಳ್ಳುತ್ತದೆ. ಹೆರಾಲ್ಡಿನ ತುಂಡುಗಳು ಕೂಡುವ ಸಂದಿಗಳಲ್ಲೂ ನೀರು ಕೂರುತ್ತದೆ. ಮೇಲೆ ಎಷ್ಟೇ ಹೊಳಪು ತಂದರೂ ಕಾರನ್ನು ತಿನ್ನುವ ತುಕ್ಕು ಹುಟ್ಟುವುದು ಅಲ್ಲಿಯೇ. ತೊಳೆದ ಮೇಲೆ ಬಾನೆಟ್ಟನ್ನು ಮುಂದಕ್ಕೆ ಮಗುಚಿ, ಬಾಗಿಲು, ಡಿಕ್ಕಿ ತೆರೆದಿಟ್ಟು ಅಂಚುಗಳನ್ನೆಲ್ಲ ಒಣಗಿಸಲು ಒಂದು ಗಂಟೆ ಕೊಡಿ.

ತೊಳೆದು ಒಣಗಿಸಿದ ಕಾರು ಕಣ್ಣಿಗೆ ಚೊಕ್ಕಟವೆನಿಸಬಹುದು, ಬೆರಳು ಬೇರೆ ಮಾತು ಹೇಳುತ್ತದೆ. ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ಗೊತ್ತಾಗದ ಸಣ್ಣ ಹರಳುಗಳೆಲ್ಲ ಕವರಿನ ಮೂಲಕ ಕಿರಿಕಿರಿ ಎನ್ನುತ್ತವೆ. ಬ್ರೇಕಿನಿಂದ ಹಾರಿ ಬಣ್ಣಕ್ಕೆ ಕಚ್ಚಿಕೊಂಡ ಕಬ್ಬಿಣದ ಕಣಗಳು, ಡಾಂಬರಿನ ಹನಿ, ಎಲ್ಲೋ ಗೇಟಿಗೆ ಹೊಡೆದ ಪೇಂಟಿನ ತುಂತುರು, ಕಟ್ಟಡದ ಸಿಮೆಂಟು, ಮಳೆಮರದ ಕೆಳಗೆ ನಿಲ್ಲಿಸಿದ್ದರೆ ಕೊಂಬೆಯಲ್ಲಿ ರಸ ಹೀರುವ ಕೀಟಗಳು ಸುರಿಸಿದ ಅಂಟು. ಇವು ಶಾಂಪೂಗೆ ಬಗ್ಗುವುದಿಲ್ಲ. ಕಬ್ಬಿಣದ ಕಣಕ್ಕೆ ಮದ್ದು ಬೇರೆಯಿದೆ. ಥಯೋಗ್ಲೈಕೊಲೇಟ್ ಇರುವ ದ್ರವವನ್ನು ಸಿಂಪಡಿಸಿದರೆ ಅದು ಕಬ್ಬಿಣವನ್ನು ಹಿಡಿದು ನೇರಳೆಯಾಗಿ ಕೆಳಗಿಳಿಯುತ್ತದೆ. ವಾಸನೆ ಅಸಹ್ಯ, ಕೆಲಸ ಚೊಕ್ಕ. ಹಳೆಯ ಬಣ್ಣದ ಮೇಲೆ ಅದನ್ನು ಒಂದು ಮೂಲೆಯಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು, ಒಣಗಲು ಬಿಡಬಾರದು.

ಉಳಿದದ್ದಕ್ಕೆ ಕ್ಲೇ. ಹೆಸರು ಜೇಡಿಮಣ್ಣಿನದಾದರೂ ಇದು ಮಣ್ಣಲ್ಲ, ಮೃದುವಾದ ಕೃತಕ ರಾಳಕ್ಕೆ ಅತಿ ಸಣ್ಣ ಉಜ್ಜುಪುಡಿ ಬೆರೆಸಿ ನಾದಿದ ಮುದ್ದೆ. ಇದು ಜಪಾನಿನ ಕೊಡುಗೆ. ತಡಾವೊ ಕೊಡಾಟೆ ಎಂಬವರು 1990ರ ದಶಕದಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಆಮೇಲೆ ಜಗತ್ತಿನ ಕಾರುಪ್ರಿಯರೆಲ್ಲರ ಕೈಗೆ ಬಂತು. ಮುದ್ದೆಯಿಂದ ಒಂದು ತುಂಡು ಮುರಿದು, ಅಂಗೈಯಲ್ಲಿ ಬೆಚ್ಚಗೆ ಮಾಡಿ ಚಪ್ಪಟೆ ತಟ್ಟಿ, ಶಾಂಪೂ ನೀರನ್ನು ಧಾರಾಳವಾಗಿ ಸಿಂಪಡಿಸಿ, ಒಂದೆರಡು ಅಡಿ ಜಾಗದಲ್ಲಿ ಅತ್ತಿತ್ತ ಜಾರಿಸಬೇಕು. ಒತ್ತುವುದು ಬೇಡವೇ ಬೇಡ. ಮೊದಲು ಗರಗರ ಸದ್ದು, ಬೆರಳಿಗೆ ತಡೆ. ಹತ್ತಾರು ಸಲ ಜಾರಿದ ಮೇಲೆ ಸದ್ದು ಅಡಗಿ ಕ್ಲೇ ತಾನೇ ತೇಲಿದಂತೆ ಹೋಗುತ್ತದೆ. ಆಗ ನಿಲ್ಲಿಸಿ ಮುಂದಿನ ಜಾಗಕ್ಕೆ ಹೋಗಬೇಕು. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇದು, ಕಣ್ಣು ಮುಚ್ಚಿಕೊಂಡೂ ಮಾಡಬಹುದು, ಬೆರಳಿಗೇ ಎಲ್ಲ ತಿಳಿಯುತ್ತದೆ. ಕ್ಲೇ ಕೊಳೆಯಾದಂತೆ ಮಡಚಿ ಹೊಸ ಮುಖ ತಿರುಗಿಸಿ. ನೆಲಕ್ಕೆ ಬಿತ್ತೋ, ಎಷ್ಟೇ ದುಬಾರಿಯಾಗಿರಲಿ ಎಸೆದುಬಿಡಿ. ಅದಕ್ಕೆ ಹತ್ತಿದ ಒಂದು ಮರಳಿನ ಹರಳು ಇಡೀ ಬಾಗಿಲಿಗೆ ಗೀರೆಳೆಯುತ್ತದೆ.

ಪಾರದರ್ಶಕ ಪದರವಿಲ್ಲದ ಹಳೆಯ ಕಾರಿನಲ್ಲಿ ಕ್ಲೇ ಕೆಂಪಗಾಗುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಬರುತ್ತಿರುವುದು ಆಗಲೇ ಸತ್ತು ಸಡಿಲವಾದ ಬಣ್ಣ, ಹೋಗಲಿ. ನಿಜವಾಗಿ ನಿಲ್ಲಬೇಕಾದದ್ದು ಬಣ್ಣ ಬಿರುಕು ಬಿಟ್ಟಿರುವಲ್ಲಿ. ಹಳೆಯ ಸೆಲ್ಯುಲೋಸ್ ದಪ್ಪವಾಗಿ ಕೂತಲ್ಲಿ ಒಣ ಕೆರೆಯಂಗಳದ ಬಿರುಕು ಮೂಡುತ್ತದೆ, ಕ್ಲೇ ಆ ಬಿರುಕಿಗಿಳಿದು ಕೂತರೆ ತೆಗೆಯುವುದು ಕಷ್ಟ. ಕಲ್ಲು ಬಡಿದು ಬಣ್ಣ ಎದ್ದಿರುವ ಕಡೆಯೂ ಬೇಡ, ಎದ್ದ ಚೂರನ್ನು ಅದು ಕಿತ್ತೇ ಬಿಡುತ್ತದೆ. ಬಿರುಕಿಗೆ ಪಾಲಿಶ್‌ನಲ್ಲೂ ಪರಿಹಾರವಿಲ್ಲ. ಆ ಒಂದು ಭಾಗಕ್ಕೆ ಬಣ್ಣ ಹೊಡೆಸುವುದೋ, ಹಾಗೇ ಇಟ್ಟುಕೊಳ್ಳುವುದೋ ಮಾಲೀಕರ ಮನಸ್ಸು. ಮಾವನ ಕಾರಿನ ಎಡ ಬಾಗಿಲಲ್ಲಿ ಅಂಥದೊಂದು ಅಂಗೈಯಗಲದ ಜಾಗವಿದೆ. ಅದನ್ನು ಹಾಗೇ ಬಿಟ್ಟಿದ್ದೇವೆ.

ಪಾಲಿಶ್‌ಗೆ ಬರೋಣ. ನಮ್ಮ ಬೀದಿಯ ಗ್ಯಾರೇಜುಗಳಲ್ಲಿ ‘ರಬ್ಬಿಂಗ್’ ಎನ್ನುವುದು ದಪ್ಪ ಕಾಂಪೌಂಡ್, ಉಣ್ಣೆಯ ಪ್ಯಾಡ್, ಒಂದೇ ಕಡೆ ಗಿರ್ರನೆ ತಿರುಗುವ ಕಟಿಂಗ್ ಮಷೀನ್. ಪಳಗಿದ ಕೈಯಲ್ಲಿ ಅದು ಅದ್ಭುತ ಕೆಲಸ ಮಾಡುತ್ತದೆ, ನಾನು ಕಂಡಿದ್ದೇನೆ. ಆದರೆ ಒಂದೇ ಜಾಗದಲ್ಲಿ ಎರಡು ಕ್ಷಣ ಹೆಚ್ಚು ನಿಂತರೆ ಶಾಖಕ್ಕೆ ಬಣ್ಣ ಸುಡುತ್ತದೆ, ಅಂಚಿನ ಮೇಲೆ ಹೋದರೆ ಪ್ರೈಮರ್ ಕಾಣುತ್ತದೆ. ಬಣ್ಣ ಹೊಡೆದಾಗ ಚೂಪು ಅಂಚುಗಳಲ್ಲಿ ಅದು ನಿಲ್ಲುವುದೇ ಕಡಿಮೆ. ಹೆರಾಲ್ಡಿನಲ್ಲಂತೂ ಹಿಂದಿನ ರೆಕ್ಕೆಯ ಏಣು, ಬಾನೆಟ್ಟಿನ ಮಡಿಕೆ, ಪ್ರತಿ ತುಂಡಿನ ಬಾಯಿ, ಎಲ್ಲೆಲ್ಲೂ ಅಂಚೇ. ಅವಕ್ಕೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ, ಕೊನೆಗೆ ಕೈಯಿಂದಲೇ ಮಾಡುವುದು ಕ್ಷೇಮ. ಕಲಿಯುವವರಿಗೆ ಡ್ಯುಯಲ್ ಆ್ಯಕ್ಷನ್ ಯಂತ್ರ ಒಳ್ಳೆಯದು. ತಿರುಗುವುದರ ಜೊತೆಗೆ ಅದು ಅಲುಗಾಡುತ್ತದೆ, ಹೆಚ್ಚು ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ, ಹಾಗಾಗಿ ಬಣ್ಣ ಸುಡುವ ಅಪಾಯ ತೀರ ಕಡಿಮೆ.

ಆದರೆ ಬಿಳಚಿಕೊಂಡ ಹಳೆಯ ಕೆಂಪಿಗೆ ಯಂತ್ರಕ್ಕೂ ಮೊದಲು ಇನ್ನೊಂದು ಉಪಚಾರವಿದೆ, ನಿಧಾನದ್ದು. ಎಣ್ಣೆಯಂಶ ಹೆಚ್ಚಿರುವ, ಉಜ್ಜುಪುಡಿಯಿಲ್ಲದ ಗ್ಲೇಜ್ ಅನ್ನು ದಪ್ಪನೆಯ ಹತ್ತಿ ಟವೆಲ್‌ನಿಂದ ಗಟ್ಟಿಯಾಗಿ ತಿಕ್ಕಿ, ಮೇಲೆ ಇನ್ನೊಂದು ಪದರ ಹಚ್ಚಿ ರಾತ್ರಿಯಿಡೀ ಬಿಡುವುದು. 1901ರಲ್ಲಿ ಪೀಠೋಪಕರಣದ ಪಾಲಿಶ್ ಮಾಡಿ ವ್ಯಾಪಾರ ಶುರು ಮಾಡಿದ ಅಮೆರಿಕದ ಮೆಗ್ವಾಯರ್ಸ್ ಕಂಪನಿಯ ‘ನಂಬರ್ 7’ ಗ್ಲೇಜ್ ಇದಕ್ಕೆ ಹೆಸರುವಾಸಿ. ಎಣ್ಣೆ ಬಣ್ಣಕ್ಕೆ ಮತ್ತೆ ಜೀವ ಕೊಡುತ್ತದೆ ಎನ್ನುವುದು ಉತ್ಪ್ರೇಕ್ಷೆ. ಒಣಗಿ ರಂಧ್ರ ಬಿದ್ದ ಮೇಲ್ಪದರದಲ್ಲಿ ಅದು ತುಂಬಿಕೊಂಡಾಗ ಬೆಳಕು ಚೆದುರುವುದು ಕಡಿಮೆಯಾಗಿ ಬಣ್ಣ ಗಾಢವಾಗಿ ಕಾಣುತ್ತದೆ, ಟವೆಲ್‌ನ ನೂಲು ಸಡಿಲ ಪುಡಿಯನ್ನು ಎತ್ತಿಕೊಳ್ಳುತ್ತದೆ, ಮುಂದೆ ಪ್ಯಾಡ್ ಓಡುವಾಗ ಒಣ ಬಣ್ಣ ಕಿತ್ತುಬರುವುದಿಲ್ಲ. ಮಾವನ ಕಾರಿನ ಬಾನೆಟ್‌ಗೆ ಇದನ್ನು ಮಾಡಿ ಬೆಳಿಗ್ಗೆ ಒರೆಸಿದಾಗ ಅರ್ಧ ಕೆಲಸ ಮುಗಿದಿತ್ತು.

ಅದಾದ ಮೇಲೆ ಒಂದೂವರೆ ಅಡಿ ಚೌಕದಲ್ಲಿ ಪರೀಕ್ಷೆ. ಅತ್ಯಂತ ನಯವಾದ ಪಾಲಿಶ್, ಮೆತ್ತನೆಯ ಫೋಮ್ ಪ್ಯಾಡ್, ಇವುಗಳಿಂದ ಶುರು. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ನಾಲ್ಕಾರು ಸಲ ಅಡ್ಡ, ಉದ್ದ ಓಡಿಸಿ, ಒರೆಸಿ, ಟಾರ್ಚ್ ಬೆಳಕಿನಲ್ಲಿ ನೋಡಿ. ಆ ಚೌಕಕ್ಕೆ ಒಗ್ಗಿದ್ದೇ ಉಳಿದ ಕಾರಿಗೂ ಸೂತ್ರ. ಪ್ಯಾಡ್ ಕೆಂಪಾಗಿ ಬೇಗ ಕಟ್ಟಿಕೊಳ್ಳುತ್ತದೆ, ಆಗಾಗ ಬ್ರಷ್ ಹಾಕಿ ಶುದ್ಧ ಮಾಡಿ, ನಾಲ್ಕೈದು ಪ್ಯಾಡ್ ಇಟ್ಟುಕೊಳ್ಳಿ. ನೆರಳು ಬೇಕು, ತಗಡು ಕೈಗೆ ತಣ್ಣಗಿರಬೇಕು. ಕೆಲಸ ಹೇಗಾಗಿದೆ ನೋಡಲು ಆಲ್ಕೋಹಾಲ್ ಸಿಂಪಡಿಸಿ ಎಣ್ಣೆ ತೆಗೆಯುವ ರೂಢಿ ಹೊಸ ಕಾರಿಗೆ ಸರಿ, ಹಳೆಯ ಸೆಲ್ಯುಲೋಸ್ ಬಣ್ಣಕ್ಕೆ ಅದನ್ನು ತೋರಿಸಬೇಡಿ, ಮೆತ್ತಗಾದೀತು. ಮತ್ತು ಎಲ್ಲ ಗೀರನ್ನೂ ಅಟ್ಟಿಸಿಕೊಂಡು ಹೋಗಬೇಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಹೋಗಬೇಕಾದರೆ ಸುತ್ತಲ ಬಣ್ಣವನ್ನೆಲ್ಲ ಅಷ್ಟೇ ಆಳಕ್ಕೆ ಇಳಿಸಬೇಕು. ಅಷ್ಟು ಬಣ್ಣ ಅಲ್ಲಿ ಇರುವುದಿಲ್ಲ.

ಈ ಸಂಯಮ ಬರೀ ನಮ್ಮ ಮನೆಯದಲ್ಲ. ಹಳೆಯ ಕಾರುಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ ತನ್ನ ಟ್ಯೂರಿನ್ ಸನ್ನದಿನಲ್ಲಿ ಇರುವುದನ್ನು ಉಳಿಸಿಕೊಳ್ಳುವುದಕ್ಕೆ ಮೊದಲ ಮಣೆ ಹಾಕಿದೆ, ಹೊಸದರಂತೆ ಮಾಡುವುದು ಆಮೇಲಿನ ಮಾತು. ನಮ್ಮ ರ‍್ಯಾಲಿಗಳಲ್ಲಿ ಜನ ಮುತ್ತಿಕೊಳ್ಳುವುದು ಇನ್ನೂ ಥಳಥಳಿಸುವ ಕಾರನ್ನೇ. ಅದರ ಪಕ್ಕದಲ್ಲಿ ತನ್ನದೇ ಹಳೆಯ ಬಣ್ಣದಲ್ಲಿ ನಿಂತ ಕಾರಿಗೂ ಒಂದು ಬಹುಮಾನ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮತ್ತೆ ಕೆಲಸಕ್ಕೆ ಬಂದರೆ, ತೆರೆದ ಕಾರಿಗೆ ಪಾಲಿಶ್ ಮಾಡುವಾಗ ಹುಡ್ಡಿನ ಅಂಚಿಗೂ ಟೇಪ್ ಬೇಕು. ರೆಕ್ಸಿನ್ನಿನ ಕಪ್ಪು ಮೈಯ ಸಣ್ಣ ಗೆರೆಗಳೊಳಗೆ ಪಾಲಿಶ್, ವ್ಯಾಕ್ಸ್ ಹೊಕ್ಕರೆ ಬೆಳ್ಳಗೆ ಒಣಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಇಡೀ ಕಾರಿನ ಅತ್ಯಂತ ಮೃದುವಾದ ಭಾಗ. ಧೂಳಿದ್ದಾಗ ಒಣ ಬಟ್ಟೆ ಒಂದು ಸಲ ತಾಗಿದರೆ ಸಾಕು, ಮಬ್ಬು ಶುರು. ಅದಕ್ಕೆ ಮೊದಲು ನೀರು, ಆಮೇಲೆ ಮೆತ್ತನೆಯ ಒದ್ದೆ ಬಟ್ಟೆ. ಹುಡ್ ಒದ್ದೆಯಿರುವಾಗ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಕೊಳೆಯಿರುವಾಗ ಮಡಚಿದರೆ ಮಡಿಕೆಯಲ್ಲೇ ಕಿಟಕಿಗೆ ಗೀರು ಬೀಳುತ್ತದೆ. ಮಳೆಗಾಲದಲ್ಲಿ ಮಲೆನಾಡಿಗೆ ತೆರೆದ ಕಾರು ಒಯ್ಯುವವರು ಇದನ್ನು ನೆನಪಿಡಬೇಕು.

ಕೊನೆಗೆ ವ್ಯಾಕ್ಸ್. ಕಾರ್ನೌಬಾ ಎಂಬುದು ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಬೆಳೆಯುವ ತಾಳೆಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ. ಅದು ಕರಗುವುದು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಆದ್ದರಿಂದ ನಮ್ಮ ಬೇಸಿಗೆಗೂ ಬಾನೆಟ್ ಮೇಲೆ ನಿಲ್ಲುತ್ತದೆ. ತೆಳುವಾಗಿ ಹಚ್ಚಿ, ಮಬ್ಬಾದ ಮೇಲೆ ಒರೆಸಿ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಿದರೆ ಸಾಕು. ಸೆರಾಮಿಕ್ ಕೋಟಿಂಗ್ ಮಾಡಿಸಿ ಎಂದು ಎಲ್ಲ ಕಡೆ ಜಾಹೀರಾತು. ಹೊಸ ಕಾರಿಗೆ ಆಗಬಹುದು. ಹಳೆಯ ಬಣ್ಣಕ್ಕೆ ನಾನು ವ್ಯಾಕ್ಸನ್ನೇ ಹೇಳುತ್ತೇನೆ, ಏಕೆಂದರೆ ನಾಳೆ ಬೇಡವೆನಿಸಿದರೆ ಅದನ್ನು ಸುಲಭವಾಗಿ ತೆಗೆಯಬಹುದು, ಗಟ್ಟಿ ಕೋಟಿಂಗ್ ಹೋಗಬೇಕಾದರೆ ಜೊತೆಗೆ ಬಣ್ಣವನ್ನೂ ಉಜ್ಜಬೇಕು. ಹಕ್ಕಿ ಹಿಕ್ಕೆ ಬಿದ್ದರೆ ಸಂಜೆಯವರೆಗೆ ಕಾಯದೆ ಒದ್ದೆ ಬಟ್ಟೆ ಇಟ್ಟು ನೆನೆಸಿ ಎತ್ತಿ, ಉಜ್ಜಬೇಡಿ. ಪ್ಲಾಸ್ಟಿಕ್ ಹೊದಿಕೆ ಹೊದಿಸಿದರೆ ತೇವ ಒಳಗೇ ಕೂರುತ್ತದೆ, ಹತ್ತಿಯದಾದರೆ ಒಳ್ಳೆಯದು, ಅದೂ ತೊಳೆದ ಕಾರಿಗೆ ಮಾತ್ರ.

ಇನ್ನೊಂದು ಕೆಲಸ ಉಳಿಯುತ್ತದೆ, ಅದನ್ನು ಮಾಡುವವರು ಕಡಿಮೆ. ಪಾಲಿಶ್‌ಗೆ ಮೊದಲು ಮತ್ತು ಆಮೇಲೆ ಪ್ರತಿ ತುಂಡಿನ ಮೇಲೂ ಮೀಟರ್ ತೋರಿಸಿದ ಮೈಕ್ರಾನ್, ಬಳಸಿದ ಪ್ಯಾಡ್, ಪಾಲಿಶ್‌ನ ಹೆಸರು, ತಾರೀಕು ಇಷ್ಟನ್ನೂ ಒಂದು ಹಾಳೆಯಲ್ಲಿ ಕಾರಿನ ಚಿತ್ರ ಬಿಡಿಸಿ ಬರೆದು ಆರ್‌ಸಿ ಪುಸ್ತಕದ ಜೊತೆ ಇಡಿ. ಬಣ್ಣ ತೆಳುವಾದ ಕಡೆ ಕೆಂಪು ಪೆನ್ನಿನಿಂದ ಗುರುತು ಹಾಕಿ. ಕಾರು ಮುಂದೆ ಯಾರ ಕೈಗೆ ಹೋದರೂ, ಯಾವ ಮೇಸ್ತ್ರಿ ಮಷೀನ್ ಹಿಡಿದು ಬಂದರೂ, ಎಲ್ಲಿ ಒತ್ತಬಾರದು ಎಂಬುದು ಅವರಿಗೆ ಆ ಹಾಳೆಯಿಂದ ತಿಳಿಯಲಿ.